ತಾಯಿ ಕೆಲಸದಲ್ಲಿರುವಾಗ ಮಗು ಯಾರ ಕಣ್ಣಳತೆಯಲ್ಲಿ?



ತಮ್ಮಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ ದಂಪತಿಗಳನ್ನು ಮೊದಲಿಗೆ ಒಂದು ಪ್ರಶ್ನೆ ಕೇಳಬಯಸುತ್ತೇನೆ. ನಿನ್ನೆಯ ದಿನ ಬೆಳಿಗ್ಗೆ 9 ಗಂಟೆಯಿಂದ ಮಧ್ಯಾಹ್ನ 1 ಗಂಟೆಯವರೆಗೆ ತಮ್ಮ ಮನೆಯ ಕಿರಿಯ ಮಗು ಎಲ್ಲಿತ್ತು? ಯಾರ ಕಣ್ಣಳತೆಯಲ್ಲಿತ್ತು? ಉತ್ತರ ಕೂಡಲೇ ಹೊಳೆಯದಿದ್ದರೆ ಅದಕ್ಕಾಗಿ ಯಾರೂ ನಾಚಿಕೊಳ್ಳಬೇಕಾದುದಿಲ್ಲ. ಗ್ರಾಮಾಂತರ ಸಂಸಾರದಲ್ಲಿ ಕೆಲಸದ ಒತ್ತಡ ಅತಿ ಹೆಚ್ಚಾಗಿರುವ ಹೊತ್ತು ಅದೇ. ಯಜಮಾನನು ಹೊಲಕ್ಕೋ ಕೂಲಿಗೋ ಹೊರಟಿರುತ್ತಾನೆ. ಗೃಹಿಣಿಯು ಕೊಟ್ಟಿಗೆಯ ಸಗಣಿ ಬಳಿದು, ನೀರು ತಂದು, ಬಟ್ಟೆ ಒಗೆದು ಒಲೆಯ ಮುಂದೆ ಕುಳಿತಿರುತ್ತಾಳೆ. ಇಲ್ಲವೇ ಕಳೆ ಕೀಳಲು ಹೋಗಿರುತ್ತಾಳೆ. ಹಿರಿಯ ಮಕ್ಕಳು ಶಾಲೆಯಲ್ಲಿರುತ್ತಾರೆ. ಹೆಜ್ಜೆಯಿಡಲು ಕಲಿತಿದ್ದರೂ ಅಪಾಯವೆಂದರೇನೆಂಬುದನ್ನು ಇನ್ನೂ ಅರಿಯದ ಮಗುವೊಂದೇ ಅಂಗಳದಲ್ಲಿ ಉಳಿದಿರುತ್ತದೆ. ಮನೆಯಲ್ಲಿ ಅಜ್ಜಿಯಿದ್ದರೆ ಪುಣ್ಯ. ಆದರೆ ಮೊಮ್ಮಗನ ಓಟವನ್ನು ಹಿಂಬಾಲಿಸುವ ಶಕ್ತಿ ಅಜ್ಜಿಯ ಮಂಡಿಗೆ ಎಲ್ಲಿಂದ ಬರಬೇಕು?

ಈ ನಾಲ್ಕು ಗಂಟೆಗಳ ವಿಚಾರವಾಗಿಯೇ ನಾನಿಂದು ಮಾತನಾಡತಕ್ಕದ್ದು. ಬಡ ಜನರ ಮಕ್ಕಳಿಗಾಗಿ ಧರ್ಮಾರ್ಥ ಸಂಸ್ಥೆಗಳು ನಡೆಸಿರುವ ಕೆಲಸಗಳು ಅನೇಕ. ಪುಸ್ತಕ ಹಂಚುವವರುಂಟು, ಬಟ್ಟೆ ಹಂಚುವವರುಂಟು. ಅವೆಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಮಗುವಿನ ವಿದ್ಯೆಯನ್ನೂ ಅದರ ಪ್ರಾಣರಕ್ಷಣೆಯನ್ನೂ ಒಂದೇ ಸೂರಿನಡಿ ತಂದು, ಅದರಿಂದ ಸಾವು ಎಷ್ಟು ಇಳಿಯಿತೆಂಬುದನ್ನು ಲೆಕ್ಕವಿಟ್ಟು ತೋರಿಸಿದ ಕಾರ್ಯವೊಂದು ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ನಡೆದಿದೆ. ಅದನ್ನು ತಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡುತ್ತೇನೆ. ದೂರದ ಊರಿನ ಕಥೆ ನಮಗೇಕೆ ಎಂದು ತಾವು ಕೇಳಬಹುದು. ಕೇಳುತ್ತ ಹೋದಂತೆ ಅದು ತಮ್ಮ ಊರಿನ ಕಥೆಯೇ ಎಂಬುದು ತಮಗೆ ತೋರಿಬರುವುದು.

ಬಾಂಗ್ಲಾದೇಶವು ನದಿಗಳ ನಾಡು. ಮಳೆಗಾಲದಲ್ಲಿ ನೆಲವೆಲ್ಲ ನೀರಾಗುವುದರಿಂದ ಅಲ್ಲಿನ ರೈತನು ಮನೆ ಕಟ್ಟುವ ಮುನ್ನ ಮಣ್ಣನ್ನು ಅಗೆದು ಎತ್ತರದ ದಿಬ್ಬ ಮಾಡಿಕೊಳ್ಳುತ್ತಾನೆ. ಮಣ್ಣು ತೆಗೆದ ಗುಂಡಿಯು ಕೊಳವಾಗುತ್ತದೆ. ಮೀನು ಸಾಕುವುದು, ಪಾತ್ರೆ ತೊಳೆಯುವುದು, ಸ್ನಾನ ಮಾಡುವುದು ಎಲ್ಲವೂ ಅದರಲ್ಲಿಯೇ. ಹೀಗೆ ಮನೆಯ ಹೊಸ್ತಿಲಿಗೂ ನೀರಿಗೂ ನಡುವೆ ಕೆಲವೇ ಹೆಜ್ಜೆಗಳು. ಒಂದು ಕಾಲದಲ್ಲಿ ಅಲ್ಲಿ ವಾಂತಿಭೇದಿಯಿಂದಲೂ ಸಾಂಕ್ರಾಮಿಕ ರೋಗಗಳಿಂದಲೂ ಮಕ್ಕಳು ಸಾಯುತ್ತಿದ್ದುದೇ ಹೆಚ್ಚು. ಲಸಿಕೆಗಳು ಬಂದವು, ಉಪ್ಪು ಸಕ್ಕರೆ ಬೆರೆಸಿದ ಜೀವಜಲವು ಮನೆಮನೆಗೆ ತಲುಪಿತು, ಆ ಸಾವುಗಳು ಇಳಿದವು. ಆಗ, ರೋಗಗಳ ಹಿಂದೆ ಅಡಗಿದ್ದ ಬೇರೊಂದು ಶತ್ರು ಕಣ್ಣಿಗೆ ಬಿದ್ದಿತು. 2003ರಲ್ಲಿ ದೇಶದಾದ್ಯಂತ ನಡೆಸಿದ ಆರೋಗ್ಯ ಮತ್ತು ಅಪಘಾತ ಸಮೀಕ್ಷೆಯಲ್ಲಿ, 1ರಿಂದ 17 ವರ್ಷದವರೆಗಿನ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಮೊದಲನೆಯ ಕಾರಣವೆಂದು ಗೊತ್ತಾಯಿತು. ವರ್ಷಕ್ಕೆ ಸುಮಾರು 17,000 ಮಕ್ಕಳು. ದಿನಕ್ಕೆ ಲೆಕ್ಕ ಹಾಕಿದರೆ 46.

ಪ್ರವಾಹದಲ್ಲಿ ಕೊಚ್ಚಿಹೋದ ಮಕ್ಕಳಿರಬೇಕೆಂದು ತಾವು ಊಹಿಸಬಹುದು. ಹಾಗಲ್ಲ. ಅವರಲ್ಲಿ ಹೆಚ್ಚಿನವರು ಯಾವುದೇ ಸಾಮಾನ್ಯ ದಿನ, ತಮ್ಮ ಮನೆಯ ಪಕ್ಕದ ಕೊಳದಲ್ಲಿ, ತಾಯಿ ಕೂಗಳತೆಯಲ್ಲಿ ಇರುವಾಗಲೇ ಮುಳುಗಿದವರು. ಒಂದರಿಂದ ನಾಲ್ಕು ವರ್ಷದ ಮಕ್ಕಳೇ ಅಧಿಕ. ಇನ್ನೊಂದು ವಿಷಯವನ್ನು ತಾವು ಗಮನದಲ್ಲಿಡಬೇಕು: ಬಹುಪಾಲು ಸಾವುಗಳು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ ಸಂಭವಿಸಿದ್ದವು. ನಾನು ಆರಂಭದಲ್ಲಿ ಕೇಳಿದ ನಾಲ್ಕು ಗಂಟೆಗಳು ಇವೇ.

ಮುಳುಗುವ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ, ಸದ್ದು ಕೇಳಿ ಓಡಿಹೋಗಬಹುದು ಎಂದು ನಾವೆಲ್ಲರೂ ನಂಬಿಕೊಂಡಿರುತ್ತೇವೆ. ಇದು ತಪ್ಪು ತಿಳಿವಳಿಕೆ. ಬಾಯಿಗೂ ಮೂಗಿಗೂ ನೀರು ತುಂಬಿದ ಮಗು ಕೂಗಲಾರದು. ಒಂದೆರಡು ನಿಮಿಷಗಳಲ್ಲಿ ಅದು ಎಚ್ಚರ ತಪ್ಪುವುದು. ಪಕ್ಕದಲ್ಲಿಯೇ ಬಟ್ಟೆ ಒಗೆಯುತ್ತಿದ್ದ ತಾಯಿಗೂ ಏನೂ ಕೇಳಿಸದಿರುವುದು ಇದೇ ಕಾರಣದಿಂದ. ಆಕೆಯನ್ನು ಊರಿನವರು ಜೀವಮಾನವಿಡೀ ದೂರುವರು. ಕಿವಿಯನ್ನು ನಂಬಿ ಕೆಲಸ ಮಾಡುವ ತಾಯಿಯ ತಪ್ಪಲ್ಲ ಅದು. ಈ ಅಪಾಯಕ್ಕೆ ಕಣ್ಣೇ ಬೇಕು. ಒಲೆಯ ಮುಂದೆ ಕುಳಿತವಳಿಗೆ ಅಂಗಳದಲ್ಲಿಯೂ ಎರಡು ಕಣ್ಣುಗಳಿರುವುದಿಲ್ಲ.

ಢಾಕಾ ನಗರದ ಅಪಘಾತ ನಿವಾರಣೆ ಮತ್ತು ಸಂಶೋಧನಾ ಕೇಂದ್ರವೆಂಬ ಸ್ವಯಂಸೇವಾ ಸಂಸ್ಥೆಯವರು 2005ರ ನಂತರದ ವರ್ಷಗಳಲ್ಲಿ ಈ ಸಮಸ್ಯೆಗೆ ಕೈಹಾಕಿದರು. ಕೊಳಗಳನ್ನೆಲ್ಲ ಮುಚ್ಚಲು ಸಾಧ್ಯವಿರಲಿಲ್ಲ. ಜನರ ಅನ್ನವೇ ಅದರಲ್ಲಿದೆ. ತಾಯಂದಿರನ್ನು ಕೆಲಸ ಬಿಡಿರೆಂದು ಹೇಳುವುದೂ ಸಾಧ್ಯವಿರಲಿಲ್ಲ. ಉಳಿದ ದಾರಿ ಒಂದೇ: ಆ ನಾಲ್ಕು ಗಂಟೆಗಳ ಕಾಲ ಊರಿನ ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ, ಅವರನ್ನು ನೋಡಿಕೊಳ್ಳುವುದನ್ನೇ ಕೆಲಸವಾಗಿ ಉಳ್ಳ ಒಬ್ಬ ಹೆಣ್ಣುಮಗಳ ವಶಕ್ಕೆ ಒಪ್ಪಿಸುವುದು. ಆ ಕೇಂದ್ರಕ್ಕೆ ಅವರಿಟ್ಟ ಹೆಸರು ಆಂಚಲ್. ಬಂಗಾಳಿಯಲ್ಲಿ ಹಾಗೆಂದರೆ ಸೀರೆಯ ಸೆರಗು. ಮಗುವನ್ನು ಸೆರಗಿನಲ್ಲಿ ಸುತ್ತಿಕೊಳ್ಳದ ತಾಯಿ ಯಾವ ದೇಶದಲ್ಲಿದ್ದಾಳೆ?

ಆಂಚಲಿನ ಏರ್ಪಾಡು ಬಹು ಸರಳವಾದುದು. ಅದಕ್ಕಾಗಿ ಹೊಸ ಕಟ್ಟಡ ಕಟ್ಟಿಸುವುದಿಲ್ಲ. ಊರಿನಲ್ಲಿಯೇ ಯಾರದಾದರೂ ಮನೆಯ ಒಂದು ಕೊಠಡಿ ಸಾಕು. ಬಹಳ ಕಡೆ ಅದು ನೋಡಿಕೊಳ್ಳುವವಳ ಮನೆಯೇ. ಆಕೆಯನ್ನು ‘ಆಂಚಲ್ ಮಾ’ ಎಂದು ಕರೆಯುವರು. ಸೆರಗಿನ ತಾಯಿ ಎನ್ನೋಣ. ಆಕೆಗೆ ತರಬೇತಿ ಕೊಟ್ಟು ಸಹಾಯಕ್ಕೆ ಇನ್ನೊಬ್ಬಳನ್ನು ಒದಗಿಸುವರು. ಒಂದು ಕೇಂದ್ರಕ್ಕೆ 20ರಿಂದ 25 ಮಕ್ಕಳು, ಒಂದು ವರ್ಷದಿಂದ ಐದು ವರ್ಷದವರೆಗಿನವರು. ವಾರಕ್ಕೆ ಆರು ದಿನ, 9 ಗಂಟೆಯಿಂದ 1 ಗಂಟೆಯವರೆಗೆ. ಬಂದ ಮಕ್ಕಳಿಗೆ ಕೈ ತೊಳೆಸುವುದು, ಹಾಡು ಹೇಳಿಸುವುದು, ಬಣ್ಣ ತೋರಿಸಿ ಹೆಸರು ಕಲಿಸುವುದು, ಕಥೆ, ಆಟ, ಚಿತ್ರ ಬಿಡಿಸುವುದು. ಬಾಗಿಲಿಗೆ ಅಡ್ಡ ತಡಿಕೆ ಇರುತ್ತದೆ. ಒಂದು ಗಂಟೆಗೆ ತಾಯಿ ಬಂದು ಮಗುವನ್ನು ಕರೆದೊಯ್ಯುವಳು. ಇಷ್ಟೇ.

ಇದಕ್ಕೆ ಹಣ ಎಲ್ಲಿಂದ ಬಂತೆಂದು ಕೇಳುವಿರಿ. ಮೊದಲಿಗೆ ಮಕ್ಕಳ ನಿಧಿಯಾದ ಯುನಿಸೆಫ್ ನೆರವಾಯಿತು. ಮುಂದೆ ಅಮೆರಿಕದ ಬ್ಲೂಮ್‌ಬರ್ಗ್ ದತ್ತಿಸಂಸ್ಥೆಯು ಕೈಜೋಡಿಸಿತು. 2016ರಿಂದ ದಕ್ಷಿಣದ ಬಾರಿಸಾಲ್ ವಿಭಾಗದಲ್ಲಿ ಇದೇ ಬಗೆಯ ಕಾರ್ಯಕ್ಕೆ ಬ್ರಿಟನ್ನಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ ನೆರವು ಕೊಟ್ಟಿತು. ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ದೋಣಿ ಕಳಿಸಿ ರಕ್ಷಿಸುವುದಕ್ಕಾಗಿ 1824ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಇಂದಿಗೂ ಮುಖ್ಯವಾಗಿ ಜನರು ಕೊಡುವ ದೇಣಿಗೆಯಿಂದಲೇ ನಡೆಯುತ್ತಿದೆ. ಅಲ್ಲಿಯ ಯಾವುದೋ ಮುದುಕಿ ಡಬ್ಬಿಗೆ ಹಾಕಿದ ನಾಣ್ಯ ಇಲ್ಲಿಯ ಕೂಸೊಂದರ ಕಾವಲಿಗೆ ಬಂದಿತೆಂದರೆ ದಾನಕ್ಕೆ ಅದಕ್ಕಿಂತ ಮಿಗಿಲಾದ ದಾರಿ ಯಾವುದಿದ್ದೀತು?

ಫಲವೇನಾಯಿತು? 2006ರಿಂದ 2010ರವರೆಗಿನ ಕಾರ್ಯವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಂಚಲಿಗೆ ಬರುತ್ತಿದ್ದ ಮಕ್ಕಳಲ್ಲಿ ಮುಳುಗಿ ಸಾಯುವ ಸಂಭವವು, ಬಾರದಿದ್ದ ಮಕ್ಕಳಿಗಿಂತ ನೂರಕ್ಕೆ ಸುಮಾರು 80ರಷ್ಟು ಕಡಿಮೆಯಾಗಿತ್ತು. ಔಷಧಿಯಲ್ಲ, ಯಂತ್ರವಲ್ಲ, ಒಂದು ಕೊಠಡಿ, ಒಬ್ಬ ಹೆಣ್ಣುಮಗಳು, ಕೆಲವು ಹಾಡುಗಳು. ಅನಂತರ 2012ರಿಂದ ಇನ್ನೂ ದೊಡ್ಡ ಪ್ರಮಾಣದಲ್ಲಿ ಪ್ರಯೋಗ ನಡೆಸಿದಾಗ ಕೆಲವು ಮನೆಗಳಿಗೆ ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ಕಟಕಟೆಯಂತಹ ಆವರಣವನ್ನು ಕೊಟ್ಟು, ಮಗುವನ್ನು ಅದರೊಳಗೆ ಬಿಟ್ಟು ಕೆಲಸ ಮಾಡಿಕೊಳ್ಳಿರೆಂದು ಹೇಳಿ ನೋಡಿದರು. ಕೇಂದ್ರದಿಂದ ದೊರೆತಂತಹ ರಕ್ಷಣೆ ಅದರಿಂದ ದೊರೆಯಲಿಲ್ಲ. ಕಟಕಟೆಯೊಳಗೆ ಮಗು ಎಷ್ಟು ಹೊತ್ತು ಸುಮ್ಮನಿದ್ದೀತೆಂಬುದನ್ನು ಮಕ್ಕಳನ್ನು ಸಾಕಿದವರಿಗೆ ನಾನು ಹೇಳಬೇಕಾದುದಿಲ್ಲ.

ಇಲ್ಲಿ ನನ್ನದೊಂದು ಅಭಿಪ್ರಾಯ. ಪ್ರಾಣರಕ್ಷಣೆಗೆಂದು ಮಾತ್ರ ಕೇಂದ್ರವನ್ನು ತೆರೆದಿದ್ದರೆ ಅದು ಬಹಳ ದಿನ ನಡೆಯುತ್ತಿರಲಿಲ್ಲ. ‘ನಮ್ಮ ಮಗುವಿಗೆ ಹಾಗೇನೂ ಆಗದು’ ಎಂದು ಪ್ರತಿಯೊಬ್ಬ ತಂದೆತಾಯಿಯೂ ನಂಬಿರುತ್ತಾರೆ; ಹಾಗೆ ನಂಬದೆ ಬದುಕುವುದೂ ಕಷ್ಟವೇ. ಆದರೆ ಮಗು ಸಂಜೆ ಮನೆಯಲ್ಲಿ ಹೊಸ ಹಾಡೊಂದನ್ನು ಹೇಳಿ ಕುಣಿದರೆ, ಊಟಕ್ಕೆ ಮುಂಚೆ ತಾನಾಗಿಯೇ ಕೈ ತೊಳೆಯಬೇಕೆಂದು ಹಟ ಹಿಡಿದರೆ, ಮಾರನೆಯ ದಿನ ತಂದೆಯೇ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಕೇಂದ್ರಕ್ಕೆ ಬಿಟ್ಟುಬರುವನು. ವಿದ್ಯೆಯ ಆಸೆಯಿಂದ ಬಂದ ಮಗುವಿಗೆ ರಕ್ಷಣೆಯೂ ದೊರೆಯುತ್ತದೆ. ಹುಟ್ಟಿದ ಮೊದಲ ಐದು ವರ್ಷಗಳಲ್ಲಿ ಮಿದುಳು ಬೆಳೆಯುವಷ್ಟು ವೇಗವಾಗಿ ಮತ್ತೆಂದೂ ಬೆಳೆಯದೆಂಬುದನ್ನು ವೈದ್ಯರು ಹೇಳುತ್ತಾರೆ. ಮಾತನಾಡಿಸುವವರಿಲ್ಲದೆ ಅಂಗಳದಲ್ಲಿ ಒಂಟಿಯಾಗಿ ಮಣ್ಣಾಡುವ ಮಗುವಿಗೆ ಅಪಾಯವೂ ಹೆಚ್ಚು, ನಷ್ಟವೂ ಹೆಚ್ಚು.

ದಾನಿಗಳ ಹಣದಿಂದ ನಡೆಯುವ ಕಾರ್ಯಕ್ಕೆ ಒಂದು ಕೊರತೆ ಇದ್ದೇ ಇರುತ್ತದೆ. ಅದಕ್ಕೆ ಅವಧಿಯುಂಟು. ಐದು ವರ್ಷಕ್ಕೆ ಯೋಜನೆ ಮುಗಿಯುವುದು. ಮಕ್ಕಳಾದರೋ ಪ್ರತಿ ವರ್ಷವೂ ಹುಟ್ಟುವರು. ಅಲ್ಲಿಯ ಸರಕಾರವು 2022ರ ಫೆಬ್ರವರಿಯಲ್ಲಿ ಈ ಕಾರ್ಯವನ್ನು ತನ್ನದೇ ಯೋಜನೆಯಾಗಿ ಅಂಗೀಕರಿಸಿ, 16 ಜಿಲ್ಲೆಗಳಲ್ಲಿ 8,000 ಕೇಂದ್ರಗಳನ್ನು ತೆರೆದು 2 ಲಕ್ಷ ಎಳೆಯ ಮಕ್ಕಳನ್ನು ಸೇರಿಸಿಕೊಳ್ಳಲು ಮಂಜೂರಾತಿ ನೀಡಿತು. ಪ್ರಯೋಗ ಮಾಡಿ ತೋರಿಸುವುದು ಧರ್ಮಸಂಸ್ಥೆಯ ಕೆಲಸ, ಅದನ್ನು ಊರೂರಿಗೆ ಒಯ್ಯುವುದು ಸರಕಾರದ ಕೆಲಸ ಎಂದು ನಾನು ತಿಳಿಯುತ್ತೇನೆ. ಎರಡೂ ಆದ ಮೇಲೆ ಮಗುವನ್ನು ಕಳಿಸುವ ಕೆಲಸ ತಂದೆತಾಯಿಯರದು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಅಂಗನವಾಡಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಹಿಂದೆ ಇಬ್ಬರು ಮಹಿಳೆಯರ ತಪಸ್ಸಿದೆ ಎಂಬುದು ಬಹಳ ಮಂದಿಗೆ ತಿಳಿಯದು. ಮಹಾರಾಷ್ಟ್ರದ ಸಮುದ್ರ ತೀರದ ಬೋರ್ಡಿ ಎಂಬಲ್ಲಿ ತಾರಾಬಾಯಿ ಮೋಡಕ್ ಮತ್ತು ಅವರ ಸಂಗಾತಿ ಅನುತಾಯಿ ವಾಘ್ ಎಂಬುವರು 1945ರಲ್ಲಿ ಬಡ ಮಕ್ಕಳಿಗೆಂದು ಬಾಲವಾಡಿಯನ್ನು ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂದು ಅವರು ಬಡವರ ಕೇರಿಗಳಲ್ಲಿಯೇ ಪಾಠ ನಡೆಸಿದರು. ಮಕ್ಕಳ ಮೈ ತೊಳೆದು, ತಲೆ ಬಾಚಿ, ಸಿಕ್ಕಿದ ಕಲ್ಲು, ಕಪ್ಪೆಚಿಪ್ಪು, ಎಲೆಗಳಿಂದಲೇ ಎಣಿಕೆ ಕಲಿಸಿದರು. ಅಂಗಳದ ಶಾಲೆಯೇ ಅಂಗನವಾಡಿ. 1957ರಲ್ಲಿ ಅವರು ತಮ್ಮ ಕಾರ್ಯವನ್ನು ಕೋಸಬಾಡದ ಗುಡ್ಡಗಾಡಿನ ಆದಿವಾಸಿಗಳ ನಡುವೆ ಕೊಂಡೊಯ್ದರು. ದೆಹಲಿಯಲ್ಲಿ 1969ರಲ್ಲಿ, ಗಾಂಧೀ ಶತಾಬ್ದಿಯ ಕಟ್ಟಡಗಳು ಏಳುತ್ತಿದ್ದ ಸ್ಥಳದಲ್ಲಿ ಕೂಲಿ ಹೆಂಗಸರ ಕೂಸುಗಳು ಧೂಳಿನಲ್ಲಿ ಬಿದ್ದಿದ್ದುದನ್ನು ಕಂಡ ಮೀರಾ ಮಹಾದೇವನ್ ಎಂಬುವರು ಅಲ್ಲಿಯೇ ಒಂದು ಗುಡಾರ ಹಾಕಿ ಶಿಶುವಿಹಾರ ತೆರೆದರು. ಕಟ್ಟಡದ ಕೆಲಸ ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಹೋಗುತ್ತಿತ್ತು. ಮೊಬೈಲ್ ಕ್ರೆಶಸ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ ಆ ಭಾಗ್ಯ ದೊರೆಯಿತು. ಈಗ ಅಂಗನವಾಡಿಯಿಲ್ಲದ ಊರು ಅಪರೂಪ. ಆದರೂ ಒಂದು ತೆರವು ಹಾಗೆಯೇ ಉಳಿದಿದೆ. ಅಂಗನವಾಡಿಯಲ್ಲಿ ಕುಳಿತು ಕಲಿಯುವ ಮಕ್ಕಳು ಮೂರರಿಂದ ಆರು ವರ್ಷದವರು. ಅದಕ್ಕಿಂತ ಕಿರಿಯವರಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಮಗು ಮನೆಯಲ್ಲಿಯೇ ಉಳಿಯುತ್ತದೆ. ನಡೆಯಲು ಕಲಿತು ಬುದ್ಧಿ ಇನ್ನೂ ಬಾರದ ಆ ಎರಡು ವರ್ಷಗಳೇ ಹೆಚ್ಚು ಅಪಾಯದ ವರ್ಷಗಳು. ಈ ತೆರವನ್ನು ತುಂಬುವ ಉದ್ದೇಶದಿಂದಲೇ 2023-24ನೆಯ ಸಾಲಿನಲ್ಲಿ ರಾಜ್ಯ ಸರಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಸ್ಥಳವದು. ತಮ್ಮ ಪಂಚಾಯತಿಯಲ್ಲಿ ಕೂಸಿನ ಮನೆ ಇದೆಯೇ, ಇದ್ದರೆ ಬಾಗಿಲು ತೆರೆದಿದೆಯೇ, ತೆರೆದಿದ್ದರೆ ಮಕ್ಕಳು ಬರುತ್ತಿದ್ದಾರೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವ ಅಧಿಕಾರ ತಮಗಿದೆ. ಕೇಳುವವರಿಲ್ಲದ ಕೂಸಿನ ಮನೆಗೆ ಬೀಗ ಬೀಳಲು ಹೆಚ್ಚು ದಿನ ಬೇಕಾಗದು.

ಮಕ್ಕಳನ್ನು ನೋಡಿಕೊಳ್ಳುವವಳು ಯಾವ ಕೇರಿಯವಳು, ಅಡಿಗೆ ಮಾಡುವವಳು ಯಾವ ಜಾತಿಯವಳು ಎಂದು ವಿಚಾರಿಸಿ ಮಗುವನ್ನು ಹಿಂದಕ್ಕೆ ಕರೆದೊಯ್ಯುವವರು ಇಂದಿಗೂ ಅಲ್ಲಲ್ಲಿ ಇದ್ದಾರೆ. ನೀರಿಗೆ ಬಿದ್ದ ಮಗುವನ್ನು ಎತ್ತಲು ಬಂದ ಕೈಯನ್ನು ಅವರು ಜಾತಿ ಕೇಳಿ ತಡೆಯುವರೇ?

ಇನ್ನು ತೀರ ಹತ್ತಿರದ ಒಂದು ಮಾತು. ಅಂಗನವಾಡಿಯೂ ಇಲ್ಲ, ಅಜ್ಜಿಯೂ ಇಲ್ಲ ಎಂದಾಗ ನಮ್ಮ ಊರುಗಳಲ್ಲಿ ಕೂಸು ಹೋಗಿ ಸೇರುವುದು ಅಕ್ಕನ ಸೊಂಟವನ್ನು. ಎಂಟು ಒಂಬತ್ತು ವರ್ಷದ ಹುಡುಗಿ, ತನ್ನ ಅರ್ಧದಷ್ಟು ತೂಕವಿರುವ ತಮ್ಮನನ್ನು ಎತ್ತಿಕೊಂಡು, ಒಂದು ಕಡೆಗೆ ವಾಲಿಕೊಂಡು ನಿಂತಿರುವ ನೋಟ ತಮಗೆ ಹೊಸದಲ್ಲ. ‘ನಮ್ಮ ಹುಡುಗಿ ಬಹಳ ಜಾಣೆ, ತಮ್ಮನನ್ನು ತಾನೇ ಸಾಕುತ್ತಾಳೆ’ ಎಂದು ತಾಯಿ ಹೊಗಳುವಳು. ಸುಗ್ಗಿಯ ಕಾಲದಲ್ಲಿ ಎರಡು ವಾರ ಶಾಲೆ ತಪ್ಪುವುದು. ಮತ್ತೆ ನಾಟಿಯ ಕಾಲದಲ್ಲಿ ಇನ್ನೆರಡು ವಾರ. ಲೆಕ್ಕದ ಪಾಠ ಮುಂದೆ ಹೋಗಿರುತ್ತದೆ. ತಿರುಗಿ ಹೋದಾಗ ಕರಿಹಲಗೆಯ ಮೇಲಿರುವುದು ಅರ್ಥವಾಗದು, ಮೇಷ್ಟ್ರು ಗದರುವರು, ಗೆಳತಿಯರು ನಗುವರು. ಹೀಗೆ ಒಂದು ದಿನ ಆಕೆ ತಾನಾಗಿಯೇ ‘ನಾನು ಶಾಲೆಗೆ ಹೋಗಲೊಲ್ಲೆ’ ಎನ್ನುವಳು. ‘ಅವಳಿಗೆ ವಿದ್ಯೆ ಹತ್ತಲಿಲ್ಲ’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ದೊರೆಯತಕ್ಕದ್ದು. ಕಾಯಿದೆಯು ಶಾಲೆಯ ಬಾಗಿಲು ತೆರೆದಿದೆ. ಸೊಂಟದ ಮೇಲಿನ ಕೂಸನ್ನು ಇಳಿಸಿಕೊಳ್ಳುವವರು ಯಾರು?

ಆ ಹುಡುಗಿಯೂ ಮಗುವೇ ಎಂಬುದನ್ನು ಮರೆಯಬಾರದು. ಕುಂಟೆಬಿಲ್ಲೆ ಆಡುವವರನ್ನು ಕಂಡರೆ ಆಕೆಗೂ ಆಸೆಯಾಗುವುದು. ಕೂಸನ್ನು ಕೆಳಗಿಳಿಸಿ ಎರಡು ಆಟ ಆಡಿ ಬರುವಷ್ಟರಲ್ಲಿ ಅನಾಹುತವಾದರೆ ಆ ಭಾರವನ್ನು ಬದುಕಿನುದ್ದಕ್ಕೂ ಹೊರುವವಳು ಆಕೆ. ಎಂಟು ವರ್ಷದವಳ ಮೇಲೆ ಅಂತಹ ಹೊರೆ ಹೊರಿಸುವುದು ನ್ಯಾಯವಲ್ಲ. ಆಂಚಲ್ ಆಗಲಿ ಕೂಸಿನ ಮನೆಯಾಗಲಿ ಉಳಿಸುವುದು ಒಂದು ಮಗುವಿನ ಪ್ರಾಣವನ್ನು ಮಾತ್ರವೇ ಅಲ್ಲ, ಅದರ ಅಕ್ಕನ ಶಾಲೆಯನ್ನೂ ಹೌದು.

ಮಕ್ಕಳ ನಡುವಣ ಅಂತರದ ಮಾತೂ ಇದರೊಳಗೆ ಬರುತ್ತದೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕಡೇಪಕ್ಷ ಎರಡು ವರ್ಷವಾದರೂ ಬಿಡುವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯ ರಕ್ತ, ಹಾಲು, ಮೈಬಲ ಇವುಗಳ ವಿಚಾರವನ್ನು ತಾವು ಆರೋಗ್ಯ ಸಹಾಯಕಿಯರಿಂದ ಕೇಳಿಯೇ ಇದ್ದೀರಿ. ನಾನು ಸೇರಿಸುವುದು ಇಷ್ಟೆ: ಮಡಿಲಲ್ಲಿ ಒಂದು, ಅಂಗಳದಲ್ಲಿ ಒಂದು ಇದ್ದಾಗ ತಾಯಿಯ ಕಣ್ಣು ಅಂಗಳಕ್ಕೆ ತಲುಪದು. ಅಂತರವಿಡುವ ವಿಧಾನವನ್ನು ಗಂಡಹೆಂಡಿರು ಕೂಡಿ ಮಾತನಾಡಿ ಆರಿಸಿಕೊಳ್ಳಬೇಕು. ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸವೆಂದು ತಿಳಿದಿರುವ ಯಜಮಾನರು ವಾರಕ್ಕೊಂದು ದಿನವಾದರೂ 9ರಿಂದ 1ರವರೆಗೆ ಮಗುವಿನೊಡನೆ ಇದ್ದು ನೋಡಲಿ. ಉಳಿದುದನ್ನು ನಾನು ಹೇಳಬೇಕಾಗದು.

ನಮ್ಮಲ್ಲಿ ಬಾಂಗ್ಲಾದೇಶದಷ್ಟು ನೀರೆಲ್ಲಿದೆ ಎಂದು ಬಯಲುಸೀಮೆಯವರು ಕೇಳಬಹುದು. ಎಳೆಯ ಮಗು ಮುಳುಗಲು ನದಿ ಬೇಕಿಲ್ಲ. ಬಚ್ಚಲ ಬಕೆಟ್ಟು, ದನಕ್ಕೆ ನೀರಿಡುವ ಕಲ್ಲುಬಾನಿ, ಮುಚ್ಚಳ ಸರಿಸಿದ ನೆಲದ ತೊಟ್ಟಿ ಸಾಕು. ಬಗ್ಗಿ ನೋಡಿದ ಮಗುವಿನ ತಲೆ ಭಾರವಾದುದರಿಂದ ಅದು ತಲೆಕೆಳಗಾಗಿ ಬೀಳುವುದು, ಮತ್ತೆ ಏಳಲಾರದು. ಬಳಸದ ಬಕೆಟ್ಟನ್ನು ಬೋರಲು ಹಾಕಿಡಿ. ತೊಟ್ಟಿಯ ಮುಚ್ಚಳಕ್ಕೆ ಚಿಲಕವಿರಲಿ. ಇತ್ತೀಚಿನ ವರ್ಷಗಳಲ್ಲಿ ಹೊಲಗಳಲ್ಲಿ ಕೃಷಿ ಹೊಂಡಗಳಾಗಿವೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ರೈತನಿಗೆ ಅದು ದೊಡ್ಡ ಆಸರೆಯಾಯಿತು ನಿಜ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆಯು ಪಾಚಿ ಕಟ್ಟಿ ಜಾರುತ್ತದೆ. ಇಳಿಜಾರಿನಲ್ಲಿ ಜಾರಿದವರಿಗೆ, ದೊಡ್ಡವರಿಗೂ ಸಹ, ಹಿಡಿದು ಮೇಲೇರಲು ಏನೂ ಸಿಗದು. ಹೊಂಡದ ಸುತ್ತ ತಂತಿಬೇಲಿ ಅತ್ಯವಶ್ಯಕ. ಅದರ ಜೊತೆಗೆ ಗಟ್ಟಿ ಹಗ್ಗವೊಂದನ್ನು ಗಂಟು ಹಾಕಿ, ಒಂದು ತುದಿಯನ್ನು ದಡದ ಗೂಟಕ್ಕೆ ಬಿಗಿದು, ಇನ್ನೊಂದು ತುದಿ ನೀರಿಗೆ ಮುಟ್ಟುವಂತೆ ಬಿಟ್ಟಿರಬೇಕು. ಖರ್ಚು ಹೆಚ್ಚಲ್ಲ.

ಕೊಳವೆಬಾವಿಯ ವಿಚಾರ ತಮಗೆ ಗೊತ್ತಿರುವುದೇ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಎಳೆಯ ಮಗುವೊಂದನ್ನು ಸುಮಾರು 20 ಗಂಟೆಗಳ ಪ್ರಯತ್ನದಿಂದ ಜೀವಸಹಿತ ಮೇಲೆ ತೆಗೆದರು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರುವುದಿಲ್ಲ. ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಕೊರೆದ ಮೇಲೆ ಬಾಯಿಗೆ ಉಕ್ಕಿನ ಮುಚ್ಚಳ ಬಿಗಿಯಬೇಕು, ನೀರು ಬಾರದ ಬಾವಿಯನ್ನು ಮಣ್ಣು ಮರಳು ಕಲ್ಲುಗಳಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ನಿರ್ದೇಶಿಸಿದೆ. ಗೋಣಿಚೀಲ ಮುಚ್ಚಿ ಮೇಲೊಂದು ಕಲ್ಲಿಡುವುದು ಮುಚ್ಚಳವಲ್ಲ.

ಆರು ವರ್ಷ ದಾಟಿದ ಮಕ್ಕಳಿಗೆ ಬೇಲಿಗಿಂತ ಈಜು ಮುಖ್ಯ. ಬಾಂಗ್ಲಾದೇಶದಲ್ಲಿ ಅದೇ ಸಂಸ್ಥೆಯವರು ಊರಿನ ಕೊಳದೊಳಗೆ ಬಿದಿರಿನ ಅಟ್ಟಣೆ ಕಟ್ಟಿ, ಸ್ಥಳೀಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಮಕ್ಕಳಿಗೆ 25 ಮೀಟರ್ ಈಜಲೂ ಅರ್ಧ ನಿಮಿಷ ತೇಲಲೂ ಕಲಿಸಿದರು. ಅಲ್ಲಿ ಕಲಿತವರಲ್ಲಿ ಮುಳುಗಿ ಸಾಯುವ ಸಂಭವವು ನೂರಕ್ಕೆ 90ಕ್ಕಿಂತಲೂ ಹೆಚ್ಚು ಕಡಿಮೆಯಾಯಿತು. ನಮ್ಮ ಹಿರಿಯರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿ ಹುಡುಗರಿಗೆ ಈಜು ಕಲಿಸುತ್ತಿದ್ದರು. ಬಾವಿಗಳು ಬತ್ತಿದಂತೆ ಆ ವಿದ್ಯೆಯೂ ಬತ್ತಿತು. ಹೆಣ್ಣುಮಕ್ಕಳಿಗಂತೂ ಅದನ್ನು ಕಲಿಸಿದವರೇ ವಿರಳ. ಆದರೆ ಕೆರೆಯ ಸೋಪಾನದ ಮೇಲೆ ದಿನವೂ ಬಟ್ಟೆ ಒಗೆಯುವವರು ಅವರೇ.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರೆಂದೂ ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ವರ್ಷದಿಂದ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವಾಗಿ ಗೊತ್ತುಮಾಡಿದೆ. ಆ ದಿನ ತಮ್ಮೂರಿನ ಶಾಲೆಯಲ್ಲಿ ಇನ್ನೇನೂ ಮಾಡದಿದ್ದರೂ ಈಗ ನಾನು ಹೇಳುವ ಕ್ರಮವನ್ನು ಮಾಡಿ ತೋರಿಸಲು ಕೇಳಿರಿ.

ನೀರಿಗೆ ಬಿದ್ದವರನ್ನು ಕಂಡೊಡನೆ ಈಜು ಬಾರದವರು ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು ಮೂವರು ಸಾಯುವುದು ಹೀಗೆಯೇ. ಕೂಗಿ ಜನರನ್ನು ಸೇರಿಸಿ; ದಡದಲ್ಲಿ ಮಲಗಿ ಸೀರೆ, ಪಂಚೆ, ಹಗ್ಗ, ಬಿದಿರು ಯಾವುದು ಕೈಗೆ ಸಿಕ್ಕಿದರೆ ಅದನ್ನು ಚಾಚಿ. ಖಾಲಿ ಕೊಡವನ್ನು ಬೋರಲಾಗಿ ಎಸೆದರೂ ಹಿಡಿದು ತೇಲಬಹುದು. ಮಗುವನ್ನು ಮೇಲೆತ್ತಿದ ಮೇಲೆ ಕಾಲು ಹಿಡಿದು ತಲೆಕೆಳಗೆ ತಿರುಗಿಸುವುದು, ತಲೆಯ ಮೇಲೆ ಹೊತ್ತು ಸುತ್ತುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಇವೆಲ್ಲ ಕೂಡದು. ಅಮೂಲ್ಯವಾದ ನಿಮಿಷಗಳು ಅದರಲ್ಲಿಯೇ ಕಳೆದುಹೋಗುತ್ತವೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಡುತ್ತಿದೆಯೇ ನೋಡಿ. ಉಸಿರಿಲ್ಲದಿದ್ದರೆ ಹಣೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವನ್ನು ಮೇಲಕ್ಕೆತ್ತಿ, ಮೂಗನ್ನು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಮೆಲ್ಲಗೆ ಉಸಿರು ಊದಿ. ಹಸುಗೂಸಾದರೆ ಬಾಯಿ ಮೂಗು ಎರಡನ್ನೂ ತಮ್ಮ ಬಾಯಿಂದ ಮುಚ್ಚಿ ಊದಬೇಕು. ಎದೆ ಏಳುವುದು ಕಾಣಬೇಕು. ಆಗಲೂ ಉಸಿರು ಮರಳದಿದ್ದರೆ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಹಸುಗೂಸಿಗೆ ಎರಡು ಹೆಬ್ಬೆರಳುಗಳನ್ನಿಟ್ಟು, ಎದೆಯ ಮೂರನೆಯ ಒಂದು ಭಾಗದಷ್ಟು ಕೆಳಗೆ ಹೋಗುವಂತೆ 30 ಸಲ ವೇಗವಾಗಿ ಒತ್ತಿ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನು ಮಾಡಲಿ. ವಾಹನ ಬರುವವರೆಗೆ ನಿಲ್ಲಿಸಬಾರದು. ಕೈ ಸೋತರೆ ಮತ್ತೊಬ್ಬರು ಮುಂದುವರಿಸಲಿ. ಮಗು ಕೆಮ್ಮಿ, ಅತ್ತು, ಕಣ್ಣು ಬಿಟ್ಟರೂ ಆಸ್ಪತ್ರೆಗೆ ಕರೆದೊಯ್ಯುವುದನ್ನು ತಪ್ಪಿಸಬಾರದು. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಇದು ಬಾಯಿಮಾತಿನಿಂದ ಬರುವ ವಿದ್ಯೆಯಲ್ಲ. ಆರೋಗ್ಯ ಸಹಾಯಕಿಯವರು ಗೊಂಬೆಯೊಂದನ್ನು ತಂದಿದ್ದಾರೆ. ಗಂಡಸರೂ ಹೆಂಗಸರೂ ಸರದಿಯ ಮೇಲೆ ಮುಂದೆ ಬಂದು ತಮ್ಮ ಕೈಯಿಂದಲೇ ಒಮ್ಮೆ ಮಾಡಿ ನೋಡಿರಿ.